ಪೋ ನದಿಯ ಏರಿಗಳೂ ಬೈಸಿಕಲ್ ಯಾತ್ರೆಯೂ

ಆಲ್ಪ್ಸ್ ಪರ್ವತಗಳಿಗೂ ಅಪೆನೈನ್ ಶ್ರೇಣಿಗೂ ನಡುವೆ, ಪಶ್ಚಿಮದಲ್ಲಿ ಟ್ಯೂರಿನ್ ನಗರದ ಆಚೆಯಿಂದ ಪೂರ್ವದಲ್ಲಿ ಏಡ್ರಿಯಾಟಿಕ್ ಸಮುದ್ರದವರೆಗೆ, ಸುಮಾರು 46,000 ಚದರ ಕಿಲೋಮೀಟರುಗಳಷ್ಟು ವಿಸ್ತಾರವುಳ್ಳ ಬಯಲೊಂದು ಹರಡಿಕೊಂಡಿದೆ. ಮಾನ್‌ವೀಸೊ ಶಿಖರದ ಅಡಿಯಲ್ಲಿ ಹುಟ್ಟಿ 652 ಕಿಲೋಮೀಟರು ಹರಿದು ಸಮುದ್ರವನ್ನು ಸೇರುವ ಪೋ ನದಿಯೂ, ಎಡದಿಂದ ಬಂದು ಕೂಡುವ ಟಿಚೀನೊ, ಅದ್ದಾ, ಓಲ್ಯೊ, ಮಿಂಚೊ ನದಿಗಳೂ, ಬಲದಿಂದ ಬರುವ ತಾನಾರೊ, ಟ್ರೆಬ್ಬಿಯಾ, ಸೆಕ್ಕಿಯಾ ಮೊದಲಾದುವೂ ಯುಗಯುಗಗಳಿಂದ ತಂದು ಸುರಿದ ಮೆಕ್ಕಲು ಮಣ್ಣಿನಿಂದಲೇ ಈ ನೆಲ ಆದದ್ದು. ಸಮುದ್ರತೀರದಿಂದ ನೂರು ಕಿಲೋಮೀಟರಿಗೂ ಹೆಚ್ಚು ಒಳನಾಡಿನಲ್ಲಿರುವ ಮಾಂತೊವಾ ನಗರವು ಸಮುದ್ರಮಟ್ಟಕ್ಕಿಂತ ಕೇವಲ 19 ಮೀಟರು ಎತ್ತರದಲ್ಲಿಯೂ, ಫೆರಾರಾ ನಗರವು ಕೇವಲ 9 ಮೀಟರು ಎತ್ತರದಲ್ಲಿಯೂ ಇರುವುವು ಎಂದರೆ ನೆಲದ ಸಮತೆ ಎಷ್ಟರಮಟ್ಟಿನದೆಂಬುದು ಸ್ಪಷ್ಟವಾದೀತು.

ಬೆಟ್ಟವೇರುವ ಬಲವಿಲ್ಲದೆಯೋ ಮನಸ್ಸಿಲ್ಲದೆಯೋ ಬೈಸಿಕಲ್ಲಿನ ಮೇಲೆ ಸಾವಧಾನವಾಗಿ ದೇಶವನ್ನು ನೋಡಬಯಸುವವನಿಗೆ ಇಂಥ ನೆಲ ವರವೆಂದೇ ಹೇಳಬೇಕು. ಆದರೆ ವರದೊಡನೆ ತೊಡಕೂ ಬಂದಿದೆ. ಇಟಲಿಯ ಯಂತ್ರೋದ್ಯಮದ ಬಹುಭಾಗ ನೆಲೆಗೊಂಡಿರುವುದು ಈ ಬಯಲಿನಲ್ಲಿಯೇ. ಮಿಲಾನ್, ಟ್ಯೂರಿನ್, ಬೊಲೋನ್ಯಾ ನಗರಗಳನ್ನು ಒಂದಕ್ಕೊಂದು ಹೊಲಿಯುವ ಹೆದ್ದಾರಿಗಳ ಮೇಲೆ ಲಾರಿಗಳ ಸಾಲು ಹಗಲಿರುಳೂ ಮುರಿಯದು. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ದಾರಿಗಳಾದರೂ ನಿರಪಾಯವೆನ್ನುವಂತಿಲ್ಲ: ಅವು ಕಿರಿದು, ಬಾಣದಂತೆ ನೇರ, ಇಕ್ಕೆಲಗಳಲ್ಲಿಯೂ ನೀರು ತುಂಬಿದ ಆಳವಾದ ಕಾಲುವೆ, ನೇರವಾದ ದಾರಿಯನ್ನು ಕಂಡ ಚಾಲಕನ ಕಾಲು ವೇಗವರ್ಧಕದ ಮೇಲೆ ತಾನಾಗಿಯೇ ಒತ್ತಿಕೊಳ್ಳುತ್ತದೆ. ಹೀಗಿರುವಲ್ಲಿ ಮೋಟಾರಿನ ಕಾಟವಿಲ್ಲದೆ ನದಿಯ ಮಗ್ಗುಲಿನಲ್ಲಿ ದಿನಗಟ್ಟಲೆ ಸಾಗಬಹುದಾದ ಪಥಗಳು ಉಂಟೆ, ಉಂಟಾದರೆ ಎಲ್ಲೆಲ್ಲಿ, ಅವು ಪರಸ್ಪರ ಕೂಡಿಕೊಂಡಿರುವುವೆ ಎಂಬುದು ಪರಿಶೀಲಿಸತಕ್ಕ ಪ್ರಶ್ನೆಯಾಗಿದೆ.

ಪಥಗಳು ಉಂಟು, ಅವುಗಳಲ್ಲಿ ಹೆಚ್ಚಿನವನ್ನು ಪ್ರವಾಸಿಗಾಗಿ ಯಾರೂ ನಿರ್ಮಿಸಲಿಲ್ಲ. ನೆರೆಯನ್ನು ತಡೆಯಲೆಂದು ಕಟ್ಟಿದ ಏರಿಗಳು, ಸರಕಿನ ದೋಣಿಗಳನ್ನು ದಡದಿಂದ ಹಗ್ಗಕಟ್ಟಿ ಎಳೆಯುತ್ತಿದ್ದ ಕುದುರೆಗಳ ಹಾದಿಗಳು, ಹಳಿ ಕಿತ್ತುಹೋದ ರೈಲುದಾರಿಗಳು ಇವೇ ಇಂದು ಬೈಸಿಕಲ್ ಪಥಗಳೆಂಬ ಹೆಸರನ್ನು ಪಡೆದಿರುವುವು. ಈ ಜನ್ಮವೃತ್ತಾಂತವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಅವುಗಳ ಗುಣವೂ ದೋಷವೂ ಒಂದೇ ಬೇರಿನಿಂದ ಹೊರಟವೆಂಬುದು ಗೊತ್ತಾಗುತ್ತದೆ. ನಕ್ಷೆಯನ್ನು ಮಾತ್ರ ನೋಡಿ ಹೊರಟವನಿಗೆ ಮಧ್ಯಮಾರ್ಗದಲ್ಲಿ ಆಶಾಭಂಗ ಕಾದಿರುತ್ತದೆ.

ಏರಿಯ ವಿಷಯವನ್ನೇ ಮೊದಲು ಎತ್ತಿಕೊಳ್ಳೋಣ. ಪೋ ನದಿಯ ಏರಿ ರೂಪದಲ್ಲಿ ನಮ್ಮ ಕೆರೆಯ ಏರಿಯಂತೆಯೇ, ಮಣ್ಣನ್ನು ಒಟ್ಟಿ ಹುಲ್ಲು ಬೆಳೆಸಿ ಬಿಗಿಮಾಡಿದ ದಿಣ್ಣೆ. ಕೆರೆಯೇರಿ ನಿಂತ ನೀರನ್ನು ಒಂದು ಕಡೆಯಿಂದ ಕಟ್ಟಿದರೆ ಇದು ಹರಿಯುವ ನೀರಿನ ಎರಡು ಪಕ್ಕಗಳಲ್ಲಿಯೂ ನೂರಾರು ಕಿಲೋಮೀಟರು ಜೊತೆಗೂಡಿ ಸಾಗುತ್ತದೆ. ನದಿಯು ತಾನು ಹೊತ್ತುತಂದ ಹೂಳನ್ನು ಏರಿಗಳ ನಡುವೆಯೇ ಇಳಿಸುವುದರಿಂದ ಪಾತ್ರವು ಕ್ರಮೇಣ ಮೇಲೇಳುವುದೂ, ಪಾತ್ರ ಮೇಲೆದ್ದಂತೆ ಏರಿಯನ್ನು ಮತ್ತೆ ಎತ್ತರಿಸಬೇಕಾಗುವುದೂ ಶತಮಾನಗಳಿಂದ ನಡೆದುಬಂದ ಸ್ಪರ್ಧೆ. ನೆರೆ ಏರಿದಾಗ ನೀರಿನ ಭಾರಕ್ಕೆ ಏರಿಯ ಬುಡದಡಿಯಿಂದ ನುಸುಳಿದ ಜಲವು ಊರ ಪಕ್ಕದ ಹೊಲದಲ್ಲಿ ಮರಳನ್ನೆತ್ತಿಕೊಂಡು ಬುಗ್ಗೆಯಾಗಿ ಚಿಮ್ಮುವುದುಂಟು. ಆ ಬುಗ್ಗೆಯನ್ನು ಸಕಾಲದಲ್ಲಿ ಕಂಡು ಅದರ ಸುತ್ತ ಮರಳುಚೀಲದ ಕಟ್ಟೆ ಹಾಕದೆ ಹೋದರೆ ಒಳಗಿನ ಮಣ್ಣು ಕೊಚ್ಚಿ ಏರಿ ಕುಸಿಯುತ್ತದೆ. ಆದುದರಿಂದ ಏರಿಯ ನೆತ್ತಿಯ ಮೇಲೆ ಕಾವಲುಗಾರರು ಹಗಲಿರುಳೂ ಸುತ್ತುವುದಕ್ಕೆ ಒಂದು ದಾರಿ ಬೇಕು. ಆ ದಾರಿ ಎಲ್ಲಿಯೂ ಕಡಿಯಬಾರದು. ಅದರ ಮೇಲೆ ಭಾರವಾದ ಬಂಡಿಗಳು ಓಡಾಡಿ ಮಣ್ಣನ್ನು ಸಡಿಲಿಸಲೂಬಾರದು. ಇಂದಿನ ಬೈಸಿಕಲ್ ಸವಾರನು ಯಾವ ಏಕಾಂತವನ್ನು ಹೊಗಳುತ್ತಾನೆಯೋ ಅದು ಈ ಜಾಗರೂಕತೆಯ ಫಲ.

ಆ ಜಾಗರೂಕತೆ ಭಗ್ನವಾದಲ್ಲಿ ಏನಾಗುತ್ತದೆಂಬುದನ್ನು 1951ನೆಯ ನವೆಂಬರ್ 14ರಂದು ಆ ನಾಡು ಕಂಡಿತು. ಒಕ್ಕಿಯೊಬೆಲ್ಲೊ ಎಂಬ ಊರಿನ ಬಳಿ ಎಡದಂಡೆಯ ಏರಿ ಒಡೆದು, ಪೋ ಮತ್ತು ಅಡೀಜೆ ನದಿಗಳ ನಡುವಣ ಪೊಲೆಸೀನೆ ಪ್ರದೇಶವು ಸುಮಾರು ಒಂದು ಲಕ್ಷ ಹೆಕ್ಟೇರುಗಳಷ್ಟು ಜಲಾವೃತವಾಯಿತು. ನೂರಕ್ಕೆ ಸಮೀಪವಾದ ಜನ ಸತ್ತರು, ಅವರಲ್ಲಿ 84 ಮಂದಿ ತಪ್ಪಿಸಿಕೊಳ್ಳಲೆಂದು ಹತ್ತಿದ ಒಂದೇ ಲಾರಿಯ ಸುತ್ತ ನೀರು ಏರಿ ಮಡಿದವರು. ಸುಮಾರು 1,80,000 ಜನ ನಿರಾಶ್ರಿತರಾದರು. ಮೊದಲೇ ಬಡವಾಗಿದ್ದ ಆ ಸೀಮೆಯನ್ನು ತೊರೆದು ಮಿಲಾನ್, ಟ್ಯೂರಿನ್‌ಗಳ ಕಾರ್ಖಾನೆಗಳಿಗೆ ಹೊರಟುಹೋದ ಸಂಸಾರಗಳು ಅಸಂಖ್ಯ. ಪ್ರವಾಸಿಗೆ ಏರಿಯ ಮೇಲಿಂದ ಅಲ್ಲಲ್ಲಿ ಕಾಣುವ, ಚಾವಣಿ ಕುಸಿದು ಗಿಡಬಳ್ಳಿ ಹಬ್ಬಿದ ಇಟ್ಟಿಗೆಯ ತೋಟದಮನೆಗಳನ್ನು ರಮ್ಯವೆಂದು ಚಿತ್ರ ತೆಗೆದುಕೊಳ್ಳುವ ಮೊದಲು ಈ ವಲಸೆಯ ಕಥೆಯನ್ನು ಒಮ್ಮೆ ನೆನೆಯುವುದು ಉಚಿತ. ಈ ನೆರೆಯ ತರುವಾಯ, 1956ರಲ್ಲಿ, ಪೋ ನದಿಗಾಗಿಯೇ ಪ್ರತ್ಯೇಕವಾದ ಸರ್ಕಾರಿ ಅಧಿಕಾರವರ್ಗವೊಂದು ಸ್ಥಾಪಿತವಾಯಿತು. 2003ರಿಂದ ಅದರ ಕೆಲಸವನ್ನು ನಾಲ್ಕು ಪ್ರಾಂತಗಳು ಕೂಡಿ ನಡೆಸುವ ಸಂಸ್ಥೆ ವಹಿಸಿಕೊಂಡಿದೆ. ಬೈಸಿಕಲ್ ಪಥದ ಫಲಕ ನೆಡಬೇಕಾದರೂ ಏರಿಯ ಒಡೆಯರನ್ನೇ ಕೇಳಬೇಕು. ಅವರ ಲಕ್ಷ್ಯವೆಲ್ಲ ನೀರಿನ ಕಡೆಗೆ, ಸವಾರನ ಕಡೆಗಲ್ಲ ಎಂಬುದನ್ನು ದೋಷವೆಂದು ನಾನು ಎಣಿಸಲಾರೆ.

ವಾಹನರಹಿತವೆಂಬ ಮಾತನ್ನೂ ಅಕ್ಷರಶಃ ತೆಗೆದುಕೊಳ್ಳಲಾಗದು. ಏರಿಯ ದಾರಿಗಳಲ್ಲಿ ಕೆಲವು ಸಂಪೂರ್ಣ ನಿಷಿದ್ಧ. ಕೆಲವು ಅಲ್ಲಿನ ನಿವಾಸಿಗಳಿಗೂ ರೈತರಿಗೂ ಮಾತ್ರ ತೆರೆದವು. ಇನ್ನು ಕೆಲವು ಹೆಸರಿಗೆ ಪಥಗಳಾದರೂ ವಾಸ್ತವದಲ್ಲಿ ಸಾಮಾನ್ಯ ರಸ್ತೆಗಳೇ. ಗಾಳ ಹಾಕಲು ಬರುವವನ ಕಾರು, ಪೋಪ್ಲರ್ ತೋಪಿನಿಂದ ಮರದ ದಿಮ್ಮಿ ಸಾಗಿಸುವ ಟ್ರ್ಯಾಕ್ಟರು ಎದುರಾದರೆ ಆಶ್ಚರ್ಯಪಡಬೇಕಾಗಿಲ್ಲ. ಪಥದ ಮೈಯೂ ಹಾಗೆಯೇ, ಒಂದು ಹಳ್ಳಿಯ ಎಲ್ಲೆಯವರೆಗೆ ಡಾಂಬರು, ಮುಂದೆ ಜಲ್ಲಿ, ಅದರ ಮುಂದೆ ಬರಿಯ ಹುಲ್ಲು. ತೆಳುವಾದ ಟಯರುಗಳ ಓಟದ ಬೈಸಿಕಲ್ಲನ್ನು ತಂದವನು ಪಶ್ಚಾತ್ತಾಪಪಡುತ್ತಾನೆ.

ಇಷ್ಟು ಪೀಠಿಕೆಯ ಮೇಲೆ ಪಥಗಳಿಗೆ ಬರಬಹುದು. ಇವುಗಳಲ್ಲಿ ಅಗ್ರಸ್ಥಾನವನ್ನು, ನನ್ನ ಎಣಿಕೆಯಲ್ಲಿ, ಗಾರ್ಡಾ ಸರೋವರದ ದಕ್ಷಿಣ ತುದಿಯ ಪೆಸ್ಕಿಯೆರಾದಿಂದ ಮಾಂತೊವಾದವರೆಗೆ ಮಿಂಚೊ ನದಿಯನ್ನು ಅನುಸರಿಸುವ ಪಥಕ್ಕೆ ಕೊಡಬೇಕು. ಉದ್ದ ನಲವತ್ತು ಕಿಲೋಮೀಟರುಗಳಿಗೆ ಸ್ವಲ್ಪ ಹೆಚ್ಚು. ಇಷ್ಟು ದೂರಕ್ಕೂ ನೆಲ ಇಳಿಯುವುದು ಸುಮಾರು 50 ಮೀಟರು ಮಾತ್ರ, ಅದೂ ಹೋಗುವವನಿಗೆ ಅನುಕೂಲವಾದ ದಿಕ್ಕಿನಲ್ಲಿ. ವೆನಿಸ್ಸಿನವರು ಕಟ್ಟಿದ ಕೋಟೆಯ ಗೋಡೆಗಳನ್ನು ಬಿಟ್ಟು ಹೊರಟು, ಸರೋವರದ ನೀರನ್ನು ಅಳೆದು ಬಿಡುವ ಸಾಲಿಯೊಂಜೆಯ ಅಣೆಕಟ್ಟನ್ನು ಹಾದು, ಮೊನ್‌ಜಂಬಾನೊ ಕೋಟೆಯನ್ನು ಬಲದ ದಿಬ್ಬದ ಮೇಲೆ ಕಾಣುತ್ತ, ಬೊರ್ಗೆಟ್ಟೊ ಎಂಬ ಪುಟ್ಟ ಗ್ರಾಮವನ್ನು ಸೇರಬಹುದು. ಇಲ್ಲಿ ನೀರಿನ ರಭಸದಿಂದ ತಿರುಗುತ್ತಿದ್ದ ಹಿಟ್ಟಿನ ಗಿರಣಿಗಳು ಇಂದು ಊಟದಮನೆಗಳಾಗಿವೆ. ಅವುಗಳ ಹಿಂದೆ ಕಣಿವೆಯನ್ನು ಅಡ್ಡಗಟ್ಟಿ ನಿಂತಿರುವುದು, ಮಿಲಾನಿನ ಪ್ರಭು ಜಿಯಾನ್ ಗಲೆಯಾಜ್ಜೊ ವಿಸ್ಕೊಂತಿ 1393ರಲ್ಲಿ ಕಟ್ಟಿಸಿದ ಸುಮಾರು 650 ಮೀಟರು ಉದ್ದದ ದುರ್ಗಸೇತು. ನದಿಯ ದಾರಿಯನ್ನು ತಪ್ಪಿಸಿ, ಮಾಂತೊವಾ ನಗರವನ್ನು ಸುತ್ತುವರಿದು ಕಾಪಾಡುತ್ತಿದ್ದ ನೀರನ್ನು ಇಂಗಿಸಿಬಿಡುವ ಉದ್ದೇಶ ಅವನಿಗಿತ್ತೆಂದು ಹೇಳುವರು. ಹಗೆತನಕ್ಕಾಗಿ ನದಿಯನ್ನೇ ತಿರುಗಿಸಹೊರಟವನ ಕಟ್ಟಡದ ಮೇಲೆ ಇಂದು ಮಕ್ಕಳು ಐಸ್‌ಕ್ರೀಮು ತಿನ್ನುತ್ತ ಬೈಸಿಕಲ್ ತಳ್ಳಿಕೊಂಡು ಹೋಗುತ್ತಾರೆ.

ಮುಂದೆ ಪೊಜ್ಜೊಲೊ ಎಂಬಲ್ಲಿ ನದಿ ಪಥವನ್ನು ಬಿಟ್ಟು ಬೇರೆಯಾಗುತ್ತದೆ. ಪಥ ಅನುಸರಿಸುವುದು ನೆರೆನೀರನ್ನು ಪ್ರತ್ಯೇಕವಾಗಿ ಸಾಗಿಸಲು ತೋಡಿದ ಕಾಲುವೆಯನ್ನು. ನಡುವೆ ಸ್ವಲ್ಪ ದೂರ, 1934ರಲ್ಲಿ ಆರಂಭವಾಗಿ 1967ರಲ್ಲಿ ಮುಚ್ಚಿಹೋದ ಮಾಂತೊವಾ–ಪೆಸ್ಕಿಯೆರಾ ರೈಲುದಾರಿಯ ಜಾಡೂ ಉಪಯೋಗಕ್ಕೆ ಬಂದಿದೆ. ಪ್ರಚಾರಪತ್ರಿಕೆಗಳು ಇದನ್ನೆಲ್ಲ ಒಟ್ಟಾರೆ ನದೀತೀರವೆಂದೇ ವರ್ಣಿಸುವುದು ಅತಿಶಯೋಕ್ತಿ. ಆದರೆ ಕೊನೆಯಲ್ಲಿ ಮಾಂತೊವಾ ಎದುರಾಗುವ ಬಗೆ ಕಾಲುವೆಯ ದಾರಿಯ ನೀರಸತೆಯನ್ನು ಮರೆಸುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಆಲ್ಬೆರ್ತೊ ಪಿತೆಂತೀನೊ ಎಂಬ ಶಿಲ್ಪಿ ಮಿಂಚೊ ನದಿಯನ್ನು ಕಟ್ಟಿ ನಗರದ ಸುತ್ತ ಸರೋವರಗಳನ್ನು ನಿರ್ಮಿಸಿದನು. ಅವುಗಳಲ್ಲಿ ಮೇಲಿನದರಲ್ಲಿ ಬೇಸಗೆಯಲ್ಲಿ ಕಣ್ಣು ಹಾಯುವಷ್ಟು ದೂರ ಅರಳಿ ನಿಲ್ಲುವುದು ನಮಗೆ ಸುಪರಿಚಿತವಾದ ತಾವರೆ. 1921ರಲ್ಲಿ ವಿಜ್ಞಾನಾಸಕ್ತಳಾದ ತರುಣಿಯೊಬ್ಬಳು, ಅದರ ಗೆಡ್ಡೆಯಿಂದ ಆಹಾರದ ಹಿಟ್ಟು ದೊರೆತೀತೆಂಬ ಆಶೆಯಿಂದ, ಏಷ್ಯಾಖಂಡದ ಈ ಸಸ್ಯವನ್ನು ಅಲ್ಲಿ ನೆಟ್ಟಳು. ಹಿಟ್ಟು ತಿನ್ನುವ ಅಭ್ಯಾಸ ಹತ್ತಲಿಲ್ಲ, ತಾವರೆ ಮಾತ್ರ ಹಬ್ಬಿತು, ಈಗ ವರ್ಷವರ್ಷವೂ ಅದನ್ನು ಕತ್ತರಿಸಿ ಹದ್ದುಬಸ್ತಿನಲ್ಲಿಡಬೇಕಾಗಿದೆ. ಕ್ರಿ.ಪೂ. 70ರಲ್ಲಿ ಈ ನಗರದ ಸಮೀಪದ ಹಳ್ಳಿಯಲ್ಲಿ ಹುಟ್ಟಿ ಹೊಲಗದ್ದೆಗಳ ಕವಿಯಾದ ವರ್ಜಿಲನ ಊರಿನಲ್ಲಿ ನಮ್ಮ ಕವಿಗಳ ಹೂ ಅರಳಿರುವುದು ಸೊಗಸಾದ ಆಕಸ್ಮಿಕ. ಮಾಂಸಾಹಾರ ಮಾಡದ ಕನ್ನಡಿಗನಿಗೆ ಇನ್ನೊಂದು ಮಾತು: ಸಿಹಿಗುಂಬಳದ ಹೂರಣ ತುಂಬಿ ಬೆಣ್ಣೆಯಲ್ಲಿ ಹೊರಳಿಸಿದ ಇಲ್ಲಿನ ತೊರ್ತೆಲ್ಲಿ ಎಂಬ ಭಕ್ಷ್ಯ ಅವನನ್ನು ಉಪವಾಸ ಕೆಡವದು, ಊಟವೋ ಸಿಹಿಯೋ ಎಂಬ ಸಂದೇಹ ಮಾತ್ರ ಎರಡನೆಯ ತುತ್ತಿನವರೆಗೂ ಉಳಿದೀತು.

ಎರಡನೆಯ ಮಹತ್ತ್ವದ ಪಥ ಫೆರಾರಾ ಪ್ರಾಂತ್ಯದ್ದು. ಬೊಂದೇನೊ ಬಳಿಯ ಸ್ಟೆಲ್ಲಾಟಾದ ಕೋಟೆಯಿಂದ ಹೊರಟು ಸಮುದ್ರಮುಖದ ಗೊರಿನೊವರೆಗೆ, ಪೋ ನದಿಯ ಬಲದಂಡೆಯ ಏರಿಯ ಮೇಲೆ ನೂರಿಪ್ಪತ್ತು ಕಿಲೋಮೀಟರುಗಳಿಗೂ ಮೀರಿ ಇದು ಸಾಗುತ್ತದೆ. ಏರಿಯ ಪಥ ತನ್ನ ಶುದ್ಧರೂಪದಲ್ಲಿ ಕಾಣುವುದು ಇಲ್ಲಿ. ಒಂದು ಪಕ್ಕದಲ್ಲಿ ನದಿಗೂ ಏರಿಗೂ ನಡುವೆ ನೆರೆ ಬಂದು ಹೋಗುವ ಭೂಮಿ, ಅದರಲ್ಲಿ ಸೈನ್ಯದಂತೆ ಸಾಲುಗಟ್ಟಿದ ಪೋಪ್ಲರ್ ಮರಗಳು. ಇನ್ನೊಂದು ಪಕ್ಕದಲ್ಲಿ, ಕಾಲಡಿಯ ತಗ್ಗಿನಲ್ಲಿ, ಜೋಳ ಗೋಧಿಗಳ ಹೊಲಗಳೂ ಊರಿನ ಗಂಟೆಗೋಪುರಗಳೂ. ರೋ ಎಂಬ ಊರಿನ ಬಳಿ, ಪೋ ನದಿಯ ಗಿರಣಿಯನ್ನು ಕುರಿತು ರಿಕ್ಕಾರ್ದೊ ಬಾಕೆಲ್ಲಿ 1938–40ರಲ್ಲಿ ಪ್ರಕಟಿಸಿದ ಬೃಹತ್ಕಾದಂಬರಿಯ ನೆನಪಿಗೆಂದು ಹಳೆಯ ಮಾದರಿಯ ತೇಲುವ ಹಿಟ್ಟಿನ ಗಿರಣಿಯೊಂದನ್ನು ಮರಳಿ ಕಟ್ಟಿದ್ದಾರೆ. ಫೆರಾರಾ ನಗರವೇ ಬೈಸಿಕಲ್ಲಿನ ನಗರವೆಂದು ಹೆಸರಾದದ್ದು. ಒಂಬತ್ತು ಕಿಲೋಮೀಟರುಗಳ ಪ್ರಾಚೀನ ಪ್ರಾಕಾರದ ಮೇಲೆಯೂ ಅಡಿಯಲ್ಲಿಯೂ ವೃದ್ಧೆಯರು ತರಕಾರಿಯ ಬುಟ್ಟಿ ನೇತುಹಾಕಿಕೊಂಡು ಬೈಸಿಕಲ್ ತುಳಿಯುವರು. ಪ್ರವಾಸೋದ್ಯಮದ ಯಾವ ಯೋಜನೆಯೂ ಈ ಸಹಜತೆಯನ್ನು ಹುಟ್ಟಿಸಲಾರದು.

ಸೆರ್ರವಲ್ಲೆಯನ್ನು ದಾಟಿದ ಮೇಲೆ ನದಿ ಕವಲೊಡೆಯುತ್ತದೆ, ಮುಖಜಭೂಮಿ ಆರಂಭವಾಗುತ್ತದೆ. ಇಲ್ಲಿ ಸಮತೆ ಎಂಬುದೂ ಸಾಲದ ಮಾತು. ನೆಲ ಅನೇಕ ಕಡೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಜೌಗನ್ನು ಒಣಗಿಸಿ ಕೃಷಿಗೆ ತಂದ ಭೂಮಿ ತಾನಾಗಿಯೇ ತಗ್ಗುವುದು ಸ್ವಭಾವ. ಅದರ ಮೇಲೆ, ಎರಡನೆಯ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ ಅನಿಲಕ್ಕಾಗಿ ಭೂಗರ್ಭದಿಂದ ಮೀಥೇನ್ ಮಿಶ್ರಿತ ನೀರನ್ನು ಮಿತಿಯಿಲ್ಲದೆ ಎತ್ತಿದ ಪರಿಣಾಮವಾಗಿ ನೆಲ ಕೆಲವೆಡೆ ಎರಡು ಮೀಟರುಗಳಿಗೂ ಹೆಚ್ಚು ಕುಸಿಯಿತು. 1960ರ ದಶಕದ ಆದಿಯಲ್ಲಿ ಆ ಕೆಲಸವನ್ನು ನಿಲ್ಲಿಸಿದರೂ ಕುಸಿದ ನೆಲ ಮೇಲೇಳಲಿಲ್ಲ. ಮಳೆಯ ನೀರನ್ನು ಪಂಪುಗಳು ಎತ್ತಿ ಹೊರಗೆ ಹಾಕುತ್ತಿರುವುದರಿಂದ ಊರುಗಳು ಉಳಿದಿವೆ. ಏರಿಯ ಮೇಲೆ ಸಾಗುವವನಿಗೆ ಎಡಗಡೆಯ ನೀರು ಬಲಗಡೆಯ ಗದ್ದೆಗಿಂತ ಎತ್ತರದಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ಭೂಗೋಳದ ಪಾಠವನ್ನು ಇಷ್ಟು ಸುಲಭವಾಗಿ ಕಲಿಸುವ ದಾರಿಗಳು ವಿರಳ.

ಇನ್ನು ಮಿಲಾನಿನ ಕಾಲುವೆಗಳ ದಡದ ಪಥಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆರಂಭಗೊಂಡು ಟಿಚೀನೊ ನದಿಯಿಂದ ಸುಮಾರು 50 ಕಿಲೋಮೀಟರು ಹರಿದು ಬರುವ ನವೀಲ್ಯೊ ಗ್ರಾಂದೆ ಕಾಲುವೆಯ ಮೇಲೆ ಮಿಲಾನ್ ಮಹಾದೇವಾಲಯದ ಅಮೃತಶಿಲೆ ತೇಲಿಬಂತು. 1819ರಲ್ಲಿ ಪೂರ್ಣಗೊಂಡ ಪವೀಯಾ ಕಾಲುವೆ 33 ಕಿಲೋಮೀಟರು. ಅದ್ದಾ ನದಿಯಿಂದ ಬರುವ ಮಾರ್ತೆಸಾನ 38. ಕುದುರೆಗಳು ನಡೆದ ದಡಗಳ ಮೇಲೆ ಇಂದು ಡಾಂಬರು ಬಿದ್ದು ಪಥಗಳಾಗಿವೆ. ದೇಶಸಂಚಾರಿಗಿಂತ ನಗರದವರ ಭಾನುವಾರದ ವಿಹಾರಕ್ಕೆ ಇವು ಹೆಚ್ಚು ಒದಗುವುವು. ಇವುಗಳಿಗಿಂತ ವೆನೆತೊ ಸೀಮೆಯ ಸೀಲೆ ನದಿ ನನಗೆ ಮೆಚ್ಚುಗೆ. ಬೆಟ್ಟದ ಹಿಮವನ್ನು ನಂಬದೆ ಬಯಲಿನ ಊಟೆಗಳಿಂದಲೇ ಹುಟ್ಟಿ 95 ಕಿಲೋಮೀಟರು ಹರಿಯುವ ಈ ನದಿಯ ಮಟ್ಟ ವರ್ಷವಿಡೀ ಹೆಚ್ಚು ಏರಿಳಿಯದು. ತ್ರೆವೀಜೊ ನಗರದ ಕೆಳಗೆ, ಕಾಸಿಯೆರ್ ಬಳಿ, ಲಾರಿಗಳ ಪೈಪೋಟಿಗೆ ಸೋತು 1970ರ ದಶಕದಲ್ಲಿ ಕೈಬಿಟ್ಟ ಸರಕುದೋಣಿಗಳ ಅಸ್ಥಿಪಂಜರಗಳು ನೀರಿನಲ್ಲಿ ಅರ್ಧ ಮುಳುಗಿ ಇನ್ನೂ ಬಿದ್ದಿರುವುವು. ಅದೇ ತ್ರೆವೀಜೊದಿಂದ ಪೋ ದಡದ ಓಸ್ಟಿಲ್ಯಾಕ್ಕೆ ಸೇನೆಯ ಉಪಯೋಗಕ್ಕೆಂದು ಹಾಕಿ, 1941ರಲ್ಲಿ ಪೂರ್ತಿಯಾಗಿ, ಯುದ್ಧದ ಬಾಂಬುಗಳಿಗೆ ತುತ್ತಾದ ರೈಲುದಾರಿಯ ಜಾಡಿನಲ್ಲಿ ಎರಡು ಕಡೆಯೂ ಮರ ಬೆಳೆದು ಹಸುರು ಸುರಂಗದಂತಾಗಿದೆ. ಏರಿಗಳ ಮೇಲೆ ದೊರೆಯದ ನೆರಳು ಇಲ್ಲಿ ಹೇರಳ.

ಆ ನೆರಳಿನ ಅಭಾವವನ್ನು ಕುರಿತು ಎಚ್ಚರಿಕೆಯ ಮಾತು ಅಗತ್ಯ. ಮರದ ಬೇರು ಮಣ್ಣನ್ನು ಸೀಳುವುದರಿಂದ ಏರಿಯ ಮೇಲೆ ಮರಗಳಿರವು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲೂ ಆರ್ದ್ರತೆಯೂ ಸಂಜೆಯ ಸೊಳ್ಳೆಗಳೂ ಕೂಡಿ ಉತ್ಸಾಹಿಯನ್ನು ಕೂಡ ಸೋಲಿಸಬಲ್ಲವು. ಚಳಿಗಾಲದಲ್ಲಿ ಮಂಜು ಕವಿದು ಹತ್ತು ಮಾರು ಮುಂದೆ ಕಾಣದ ದಿನಗಳುಂಟು. ಏಪ್ರಿಲಿನಿಂದ ಜೂನ್ ಆರಂಭದವರೆಗೂ, ಸೆಪ್ಟೆಂಬರಿನಲ್ಲಿಯೂ ಹೋಗುವುದು ಲೇಸು. ಬಯಲು ಏಕತಾನವೆಂಬ ಆಕ್ಷೇಪವೂ ಉಂಟು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಕ್ರೆಮೋನಾ ನಗರದ ಕೆಳಗೆ ಕೆಲವು ಭಾಗಗಳಲ್ಲಿ ಗಂಟೆಗಟ್ಟಲೆ ದೃಶ್ಯ ಬದಲಾಗದು. ಆದರೆ ಬೆಟ್ಟದ ದೇಶದಲ್ಲಿ ಕಣ್ಣಿಗೆ ದೊರೆಯುವ ವೈವಿಧ್ಯ ಇಲ್ಲಿ ಊರುಗಳಲ್ಲಿ ದೊರೆಯುತ್ತದೆ: ಸಾಬ್ಬಿಯೊನೆತಾದಲ್ಲಿ ಅಲ್ಲಿನ ಪ್ರಭು ವೆಸ್ಪಾಸಿಯಾನೊ ಗೊಂಜಾಗಾ ತನ್ನ ಮನಸ್ಸಿನ ಆದರ್ಶನಗರವನ್ನು ಕಟ್ಟಿದ್ದಾನೆ, ಸಾನ್ ಬೆನೆದೆತ್ತೊದಲ್ಲಿ 1007ರಲ್ಲಿ ಸ್ಥಾಪಿತವಾದ ಸಂನ್ಯಾಸಿಮಠವಿದೆ, ಬ್ರೆಶೆಲ್ಲೊ ಊರಿನ ಚೌಕದಲ್ಲಿ ಗ್ವಾರೆಸ್ಕಿಯ ಕಥೆಗಳ ಪಾದ್ರಿ ದೋನ್ ಕಮೀಲ್ಲೊ ಮತ್ತು ಅವನ ಕಮ್ಯುನಿಸ್ಟ್ ಪ್ರತಿಸ್ಪರ್ಧಿಯಾದ ಮೇಯರನ ಕಂಚಿನ ಪ್ರತಿಮೆಗಳು ಎದುರುಬದುರಾಗಿ ನಿಂತಿವೆ. ಆ ಕಥೆಗಳನ್ನಾಧರಿಸಿದ 1952ರ ಚಲನಚಿತ್ರವನ್ನು ತೆಗೆದದ್ದು ಆ ಊರಿನಲ್ಲಿಯೇ.

ಇನ್ನು ಉಳಿದದ್ದು ಈ ತುಂಡುಗಳನ್ನು ಕೂಡಿಸುವ ಮಾತು. ಮಿಲಾನಿನ ಪೊಲಿಟೆಕ್ನಿಕ್ ವಿದ್ಯಾಪೀಠದ ಪ್ರಾಧ್ಯಾಪಕ ಪಾವ್ಲೊ ಪಿಲೇರಿ ಮತ್ತು ಅವರ ಸಂಗಡಿಗರು 2010ರಲ್ಲಿ, ವೆನಿಸ್ಸಿನಿಂದ ಟ್ಯೂರಿನ್‌ವರೆಗೆ ಪೋ ನದಿಯನ್ನು ಅನುಸರಿಸಿ ಸುಮಾರು 700 ಕಿಲೋಮೀಟರುಗಳ ಅಖಂಡ ಪಥವನ್ನು ಕಲ್ಪಿಸಿ, ಎರಡು ನಗರಗಳ ಮೊದಲಕ್ಷರಗಳನ್ನು ಜೋಡಿಸಿ ‘ವೆಂತೊ’ ಎಂದು ಹೆಸರಿಟ್ಟರು. ಏರಿಗಳು ಹೇಗೂ ಇವೆ, ಅವನ್ನು ಕೂಡಿಸಿದರೆ ಸಾಕೆಂಬ ಅವರ ವಾದ ಸರಳವೂ ಪ್ರಬಲವೂ ಆಗಿತ್ತು. ಕೆಲವು ವರ್ಷಗಳಲ್ಲಿ ಅದು ರಾಷ್ಟ್ರೀಯ ಪ್ರವಾಸಪಥಗಳ ಪಟ್ಟಿಗೆ ಸೇರಿತು. 1998ರ ಶಾಸನ ಬೈಸಿಕಲ್ ಸಂಚಾರಕ್ಕೆ ಧನಸಹಾಯವನ್ನು ವಿಧಿಸಿತ್ತು. 2018ರ ಜನವರಿಯ ಶಾಸನ ದೇಶವ್ಯಾಪಿಯಾದ ಪಥಜಾಲವನ್ನು ವಿಧಿಸಿತು. ಆದರೂ ಕೆಲಸ ನಿಧಾನ. ಪಥ ಹಾಯುವ ಪ್ರಾಂತಗಳು ನಾಲ್ಕು, ಪುರಸಭೆಗಳು ನೂರಕ್ಕೂ ಹೆಚ್ಚು. ಒಬ್ಬರ ಎಲ್ಲೆಯಲ್ಲಿ ಮುಗಿದ ಕೆಲಸ ಇನ್ನೊಬ್ಬರ ಎಲ್ಲೆಯಲ್ಲಿ ಕಡತದಲ್ಲಿದೆ. ಇದಕ್ಕೆ ಹೋಲಿಸಿದರೆ ಬೊಲೋನ್ಯಾ–ವೆರೋನಾ ರೈಲುದಾರಿಯನ್ನು ಬೇರೆಡೆಗೆ ಸರಿಸಿದ ಮೇಲೆ ಪಾಳುಬಿದ್ದ ಹಳೆಯ ಜಾಡನ್ನು ಮಿರಾಂದೊಲಾದಿಂದ ದಕ್ಷಿಣಕ್ಕೆ 46 ಕಿಲೋಮೀಟರು ಪಥವಾಗಿ ಮಾಡಿ 2021ರಲ್ಲಿ ತೆರೆದದ್ದು ಎಷ್ಟೋ ಸುಲಭದ ಕಾರ್ಯವಾಯಿತು. ಒಡೆಯನು ಒಬ್ಬನೇ ಇದ್ದನು.

ಅಖಂಡತೆಯ ಈ ಆಕಾಂಕ್ಷೆಯನ್ನು ನಾನು ಪೂರ್ತಿಯಾಗಿ ಹಂಚಿಕೊಳ್ಳಲಾರೆ. ಏಳುನೂರು ಕಿಲೋಮೀಟರುಗಳನ್ನು ಆದ್ಯಂತ ತುಳಿಯುವವರು ಎಷ್ಟು ಮಂದಿ? ಬಹುಜನ ಬರುವುದು ನಾಲ್ಕೈದು ದಿನಗಳಿಗೆ, ಎಷ್ಟೋ ವೇಳೆ ಮಕ್ಕಳೊಡನೆ. ರಾತ್ರಿ ತಂಗುವ ದೋಣಿಯೊಂದು ಮಾಂತೊವಾದಿಂದ ವೆನಿಸ್ಸಿನ ಕಡೆಗೆ ಕಾಲುವೆಗಳಲ್ಲಿ ಜೊತೆಗೆ ಸಾಗುವ ಏರ್ಪಾಡನ್ನು ಹಿಡಿದವರಿಗಂತೂ ತುಂಡುತುಂಡಾದ ಪಥಗಳೇ ಸಾಕು. ಇವರೆಲ್ಲರನ್ನೂ ಸಮಾನವಾಗಿ ಭಯಪಡಿಸುವುದು ಸೇತುವೆ. ಏರಿಯನ್ನು ಕಟ್ಟಿದವರಿಗೆ ದಂಡೆಯುದ್ದಕ್ಕೂ ಹೋಗುವುದು ಬೇಕಾಗಿತ್ತು, ದಾಟುವುದು ಬೇಕಾಗಿರಲಿಲ್ಲ. ದಾಟುವ ಕೆಲಸ ಹೆದ್ದಾರಿಯದಾಯಿತು. ಆದುದರಿಂದ ದಿನವಿಡೀ ನಿಶ್ಚಿಂತೆಯಾಗಿ ಸಾಗಿಬಂದವನು ಸಂಜೆ ಒಂದು ಕಿಲೋಮೀಟರು ಉದ್ದದ ಕಿರಿದಾದ ಸೇತುವೆಯ ಮೇಲೆ, ಒಂದು ಕಡೆ ಕಬ್ಬಿಣದ ಕಟಕಟೆಯನ್ನೂ ಇನ್ನೊಂದು ಕಡೆ ಲಾರಿಯ ಚಕ್ರವನ್ನೂ ಮೈಗೆ ತಾಗುವಷ್ಟು ಹತ್ತಿರದಲ್ಲಿಟ್ಟುಕೊಂಡು ಪ್ರಾಣವನ್ನು ಪೆಡಲಿನ ಮೇಲೆ ಇಡಬೇಕಾಗುತ್ತದೆ. ಗೊರಿನೊ ಬಳಿ ದೋಣಿಗಳನ್ನು ಸಾಲಾಗಿ ಕಟ್ಟಿ ಮಾಡಿದ ತೇಲುಸೇತುವೆ ಸುಂಕ ಕೊಟ್ಟು ದಾಟುವಂಥದು. ಓಲ್ಯೊ ನದಿ ಪೋವನ್ನು ಸೇರುವೆಡೆಯಲ್ಲಿಯೂ ದೋಣಿಗಳ ತೇಲುಸೇತುವೆಯೊಂದಿದೆ. ಅವುಗಳ ಮೇಲೆ ವಾಹನಗಳು ತಾವೇ ನಿಧಾನಿಸುವುದರಿಂದ ಬೈಸಿಕಲ್ಲಿಗೆ ಅಪಾಯವಿಲ್ಲ. ಮಿಕ್ಕ ಕಡೆಗಳಲ್ಲಿ, ಪಥಕ್ಕೆಂದು ಮೀಸಲಾದ ಹಣದಲ್ಲಿ ಮೊದಲ ಪಾಲನ್ನು ಸೇತುವೆಗಳ ಮಗ್ಗುಲಿಗೆ ಪ್ರತ್ಯೇಕವಾದ ಕಿರುದಾರಿ ಕಟ್ಟುವುದಕ್ಕೆ ವಿನಿಯೋಗಿಸಬೇಕೆಂದು ನನ್ನ ಅಭಿಪ್ರಾಯ. ಏರಿಯ ಮೇಲಿನ ಡಾಂಬರು ಕಾಯಬಲ್ಲುದು. ಅಷ್ಟರವರೆಗೆ ಬೈಸಿಕಲ್ಲಿಗೂ ಟಿಕೆಟು ಕೊಡುವ ಪ್ರಾದೇಶಿಕ ರೈಲುಗಳನ್ನು ನಂಬುವುದು ವಿವೇಕ. ತ್ರೆವೀಜೊ ಕಡೆಯ ಹಳೆಯ ರೈಲುಜಾಡಿನ ದಿಕ್ಕು ಹಿಡಿದು ಬಂದವನು ಓಸ್ಟಿಲ್ಯಾದಲ್ಲಿ ಬೈಸಿಕಲ್ಲನ್ನು ರೈಲಿಗೆ ಹತ್ತಿಸಿ ಪೊಜ್ಜೊ ರುಸ್ಕೊದಲ್ಲಿ ಇಳಿದನಾದರೆ ಪೋ ನದಿಯೂ ಅದರ ಸೇತುವೆಯೂ ಹಿಂದೆ ಬಿದ್ದಿರುತ್ತವೆ, ಮಿರಾಂದೊಲಾದ ಪಥವೂ ಅಲ್ಲಿಂದ ಬಹು ದೂರವಿಲ್ಲ.